ರೆಕ್ಕೆಯವರೆ: ಹೂ ಬಿಡದ ಬಳ್ಳಿಯ ಗುಟ್ಟು

ಹುಬ್ಬಳ್ಳಿ ಎಂಬ ಹೆಸರು ‘ಹೂಬಳ್ಳಿ’ ಎಂಬುದರಿಂದ ಬಂದಿತೆಂದು ಹೇಳುವುದುಂಟು. ಆದರೆ ಆ ಊರಿನಲ್ಲಿಯೇ ಬಳ್ಳಿಯೊಂದು ಹೂ ಬಿಡಲು ಒಲ್ಲೆನೆಂದರೆ ಏನು ಮಾಡಬೇಕು? ಹಳೇ ಹುಬ್ಬಳ್ಳಿಯ ಗೃಹಸ್ಥರೊಬ್ಬರು ಎಲ್ಲಿಂದಲೋ ರೆಕ್ಕೆಯವರೆಯ ನಾಲ್ಕು ಬೀಜ ತಂದು, ಯುಗಾದಿಯ ಹೊತ್ತಿಗೆ ಹಿತ್ತಲಲ್ಲಿ ಊರಿದರೆಂದು ಭಾವಿಸೋಣ. ಬಳ್ಳಿ ಸೊಂಪಾಗಿ ಬೆಳೆದು ಚಪ್ಪರವನ್ನೆಲ್ಲ ಮುಚ್ಚಿತು. ಕಾರಹುಣ್ಣಿಮೆ ಕಳೆಯಿತು, ನಾಗರಪಂಚಮಿಗೆ ಜೋಕಾಲಿ ಕಟ್ಟಿದ್ದಾಯಿತು. ಒಂದು ಮೊಗ್ಗೂ ಕಾಣಲಿಲ್ಲ. ಬೇಸತ್ತು ಅವರು ಬಳ್ಳಿಯನ್ನು ಕಿತ್ತೆಸೆದರು. ಇನ್ನೆರಡು ತಿಂಗಳು ತಾಳಿದ್ದರೆ ಕಾಯಿ ಕೊಯ್ಯಬಹುದಾಗಿತ್ತು!

ರೆಕ್ಕೆಯವರೆಯು ನಮ್ಮ ಅವರೆಯ ದೂರದ ಬಂಧು. ಕಾಯಿಯ ನಾಲ್ಕು ಮೂಲೆಗಳಲ್ಲಿ ನೆರಿಗೆಯಂತಹ ರೆಕ್ಕೆಗಳಿರುವುದರಿಂದ ಈ ಹೆಸರು. ಪಾಪುವ ನ್ಯೂಗಿನಿ ಮತ್ತು ಆಗ್ನೇಯ ಏಷ್ಯದ ಜನರು ಇದರ ಎಳೆಗಾಯಿ, ಚಿಗುರು, ಹೂವು, ಗೆಡ್ಡೆ, ಬೀಜ ಎಲ್ಲವನ್ನೂ ತಿನ್ನುತ್ತಾರೆ. ಬಲಿತ ಬೀಜದಲ್ಲಿ ನೂರಕ್ಕೆ 30ರಿಂದ 37 ಭಾಗದಷ್ಟು ಸಸಾರಜನಕ ಉಂಟು. ಈ ವಿಷಯದಲ್ಲಿ ಅದು ಸೋಯಾ ಅವರೆಗೆ ಸಮೀಪವಾದುದು. 1975ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯು ಇದರ ಗುಣಗಳನ್ನು ವಿವರಿಸುವ ವರದಿಯನ್ನೇ ಹೊರತಂದಿತು.

ಇಷ್ಟು ಗುಣವುಳ್ಳ ಬಳ್ಳಿ ಹೂ ಬಿಡದಿದ್ದುದೇಕೆ? ದೋಷ ಮಣ್ಣಿನದಲ್ಲ, ನೀರಿನದೂ ಅಲ್ಲ, ಬಿತ್ತಿದ ಕಾಲದ್ದು. ಹಲವು ಸಸ್ಯಗಳು ಹಗಲಿರುಳುಗಳ ಉದ್ದವನ್ನು ಅಳೆದು ನೋಡಿ ಹೂ ಬಿಡುತ್ತವೆ. ಈ ಸಂಗತಿಯನ್ನು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದರು. ಬಿಲಾಕ್ಸಿ ಎಂಬ ಸೋಯಾ ತಳಿಯನ್ನು ಅವರು ಹಲವು ದಿನಗಳ ಅಂತರವಿಟ್ಟು ಬಿತ್ತಿದರು. ಮೊದಲು ಬಿತ್ತಿದ್ದೂ ಕೊನೆಗೆ ಬಿತ್ತಿದ್ದೂ ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಹೂ ಬಿಟ್ಟವು. ಗಿಡಗಳು ಹಗಲು ಕುಗ್ಗುವುದನ್ನೇ ಕಾದಿದ್ದವು. ರೆಕ್ಕೆಯವರೆಯೂ ಇಂತಹ ‘ಕಿರುಹಗಲಿನ’ ಸಸ್ಯ.

ಹುಬ್ಬಳ್ಳಿಯು ಭೂಮಧ್ಯರೇಖೆಯಿಂದ ಉತ್ತರಕ್ಕೆ 15 ಅಂಶಗಳಿಗಿಂತ ತುಸು ಹೆಚ್ಚು ದೂರದಲ್ಲಿದೆ. ಇಲ್ಲಿ ಜೂನ್ ಕೊನೆಯ ಹಗಲು ಸುಮಾರು 13 ತಾಸು. ಡಿಸೆಂಬರಿನಲ್ಲಿ ಹನ್ನೊಂದೂಕಾಲು ತಾಸು. ವ್ಯತ್ಯಾಸ ಎರಡು ತಾಸಿಗೂ ಕಡಿಮೆ. ನಮಗೆ ಅದರ ಅರಿವು ಅಷ್ಟಾಗಿ ಆಗುವುದಿಲ್ಲ, ಬಳ್ಳಿಗೆ ಆಗುತ್ತದೆ. ಯುಗಾದಿಯಲ್ಲಿ ಹುಟ್ಟಿದ ಬಳ್ಳಿಯ ಮುಂದೆ ಹಗಲು ಬೆಳೆಯುತ್ತಲೇ ಹೋಗುವುದರಿಂದ ಅದು ಬರಿಯ ಎಲೆ ಬಿಡುತ್ತದೆ. ಸಪ್ಟೆಂಬರ್ ಉತ್ತರಾರ್ಧದಲ್ಲಿ ಹಗಲಿರುಳು ಸಮನಾಗಿ, ಆಮೇಲೆ ಇರುಳು ಬೆಳೆಯತೊಡಗಿದಾಗ ಹೂವಿನ ಕಾಲ ಬರುತ್ತದೆ. ಆದ್ದರಿಂದ ಮುಂಗಾರು ಹಿಡಿದ ಮೇಲೆ, ಜೂನ್ ತಿಂಗಳಲ್ಲಿ ಬಿತ್ತುವುದು ಲೇಸು. ನಮ್ಮ ಹಳೆಯ ಅವರೆ ಚಳಿಗಾಲದಲ್ಲಿಯೇ ಕಾಯಿ ಬಿಡುವುದೂ ಇದೇ ಕಾರಣದಿಂದ. ಹಗಲಿನ ಉದ್ದವನ್ನು ಲೆಕ್ಕಿಸದೆ ಹೂ ಬಿಡುವ ‘ಹೆಬ್ಬಾಳ ಅವರೆ’ಯಂತಹ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ರೂಪಿಸಿದೆ.

ಇನ್ನೊಂದು ಮಾತು. ಇಂತಹ ಸಸ್ಯಗಳು ಅಳೆಯುವುದು ನಿಜವಾಗಿ ಹಗಲನ್ನಲ್ಲ, ಇರುಳಿನ ಎಡೆಬಿಡದ ಕತ್ತಲೆಯನ್ನು. ನಡುರಾತ್ರಿ ಸ್ವಲ್ಪ ಹೊತ್ತು ಬೆಳಕು ಬಿದ್ದರೂ ಹೂ ಬಿಡುವುದು ತಪ್ಪುತ್ತದೆಂದು ಹ್ಯಾಮ್ನರ್ ಮತ್ತು ಬಾನರ್ 1938ರಲ್ಲಿ ಒಂದು ಕಳೆಗಿಡದ ಮೇಲೆ ತೋರಿಸಿದರು. ಬೀದಿದೀಪದ ಬೆಳಕು ಬೀಳುವ ಸೋಯಾ ಗಿಡಗಳು ತಡವಾಗಿ ಬಲಿಯುವುದು ಕಂಡುಬಂದಿದೆ. ಓಣಿಯ ದೀಪ ಹಿತ್ತಲಿಗೆ ಬೀಳುವಂತಿದ್ದರೆ ಬಳ್ಳಿಯನ್ನು ಗೋಡೆಯ ಮರೆಗೆ ಹಬ್ಬಿಸಿರಿ.

ಇನ್ನು ಬೇಸಾಯ. ಬೀಜದ ಸಿಪ್ಪೆ ಗಟ್ಟಿಯಾದುದು. ಒರಟು ಕಲ್ಲಿಗೆ ಮೆಲ್ಲನೆ ಉಜ್ಜಿ, ಒಂದು ರಾತ್ರಿ ನೀರಿನಲ್ಲಿ ನೆನೆಯಿಡಿರಿ. ಎರೆಮಣ್ಣಿನಲ್ಲಿ ಮಳೆಯ ನೀರು ನಿಂತರೆ ಬೇರಿಗೆ ಗಾಳಿ ಸಿಗದು. ಆದ್ದರಿಂದ ಕೊಟ್ಟಿಗೆ ಗೊಬ್ಬರ ಬೆರೆಸಿ, ಮಣ್ಣನ್ನು ಒಂದು ಗೇಣು ಏರಿಸಿ ಮಡಿ ಮಾಡಿರಿ. ಶೇಂಗಾ ಅಥವಾ ಅಲಸಂದಿ ಬೆಳೆದ ಹೊಲದ ಒಂದು ಹಿಡಿ ಮಣ್ಣನ್ನು ಅದಕ್ಕೆ ಸೇರಿಸಿದರೆ ಒಳಿತು. ಆ ಬೆಳೆಗಳ ಬೇರುಗಂಟುಗಳಲ್ಲಿ ವಾಸಿಸಿ ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಸೂಕ್ಷ್ಮಜೀವಿಗಳು ರೆಕ್ಕೆಯವರೆಗೂ ಒದಗುತ್ತವೆ. ಗಂಟನ್ನು ಸೀಳಿದಾಗ ಒಳಗೆ ನಸುಗೆಂಪು ಕಂಡರೆ ಅವು ಕೆಲಸದಲ್ಲಿವೆಯೆಂದು ತಿಳಿಯಬೇಕು. ಯೂರಿಯಾ ಸುರಿದರೆ ಅವುಗಳ ಕೆಲಸ ಕುಂದುತ್ತದೆ.

ಕಾಯಿ ಬೆರಳಿಗೆ ಟಕ್ಕನೆ ಮುರಿಯುವಷ್ಟು ಎಳೆಯದಿರುವಾಗಲೇ ಕೊಯ್ದು ಪಲ್ಯ ಮಾಡಿರಿ. ಬಲಿತ ಬೀಜವನ್ನು ಮಾತ್ರ ಹಸಿಯಾಗಿ ತಿನ್ನಬಾರದು. ಜೀರ್ಣಕ್ಕೆ ಅಡ್ಡಿಪಡಿಸುವ ವಸ್ತುಗಳು ಅದರಲ್ಲಿರುವುದರಿಂದ ನೆನೆಸಿ, ನೀರು ಚೆಲ್ಲಿ, ಚೆನ್ನಾಗಿ ಬೇಯಿಸತಕ್ಕದ್ದು. ಹಿತ್ತಲಲ್ಲಿ ಬೆಳೆಯಬಹುದಾದ ಮತ್ತೊಂದು ಅಪರೂಪದ ಬಳ್ಳಿ ಕತ್ತಿಯವರೆ. ಅದರ ಎಳೆಗಾಯಿಯನ್ನು ಬೇಯಿಸಿ ಉಣ್ಣಬಹುದು. ಬಲಿತ ಬೀಜದಲ್ಲಿ ವಿಷಾಂಶಗಳಿರುವುದರಿಂದ ಹೊಸಬರು ಅದನ್ನು ಬಿಡುವುದೇ ಕ್ಷೇಮ.

ಒಂದು ಬಳ್ಳಿಯ ನಾಲ್ಕಾರು ಕಾಯಿಗಳನ್ನು ಕೊಯ್ಯದೆ ಒಣಗಬಿಟ್ಟು ಬೀಜಕ್ಕಿಡಿರಿ. ಬಿತ್ತಿದ ದಿನವನ್ನೂ ಮೊದಲ ಹೂ ಕಂಡ ದಿನವನ್ನೂ ಬರೆದಿಟ್ಟುಕೊಳ್ಳಿರಿ. ಎರಡು ಮೂರು ವರ್ಷಗಳಲ್ಲಿ ನಿಮ್ಮ ಹಿತ್ತಲಿಗೆ ತಕ್ಕ ಕಾಲ ಯಾವುದೆಂಬುದು ನಿಮಗೇ ತಿಳಿಯುತ್ತದೆ. ಕಾಯುವ ತಾಳ್ಮೆಯೂ ಬರುತ್ತದೆ.