ಅಕ್ಷರಾಭ್ಯಾಸದಿಂದ ಅರ್ಥಾಭ್ಯಾಸಕ್ಕೆ

ಮಗುವಿಗೆ ಅಕ್ಷರ ಕಲಿಸುವುದು ನಮ್ಮ ಮನೆಗಳಲ್ಲಿ ಒಂದು ಹಬ್ಬವೇ ಸರಿ. ಅಕ್ಕಿಯ ಮೇಲೆ ಬೆರಳು ಹಿಡಿದು ತಿದ್ದಿಸಿದ ದಿನ ಮೊದಲ್ಗೊಂಡು, ವರ್ಣಮಾಲೆ ಮುಗಿದು, ಕಾಗುಣಿತ ಕೂಡಿ, ಒತ್ತಕ್ಷರಗಳ ತೊಡಕನ್ನು ದಾಟುವವರೆಗೆ ತಂದೆತಾಯಿಗಳು ಮಗುವಿನ ಬೆನ್ನ ಹಿಂದೆಯೇ ಇರುತ್ತಾರೆ. ಅಷ್ಟಾದೊಡನೆ ‘ಇನ್ನು ಓದು ಬಂದಿತು’ ಎಂದು ನಿಶ್ಚಿಂತರಾಗುತ್ತಾರೆ. ವಾಸ್ತವವಾಗಿ ಓದಿನ ಹೊಸ್ತಿಲು ಕಾಣಿಸುವುದೇ ಅಲ್ಲಿ. ಅಲ್ಲಿಂದ ಮುಂದೆ ಮನೆಯ ಹಿರಿಯರು ಮಗುವನ್ನು ಹೇಗೆ ನಡೆಸಬೇಕೆಂಬ ವಿಷಯದಲ್ಲಿ ಕೆಲವು ಮಾತುಗಳನ್ನು ಸಹೃದಯ ವಾಚಕರ ಮುಂದಿಡುವುದು ಪ್ರಕೃತ ಲೇಖನದ ಉದ್ದೇಶ.

ಈ ಪಾಠವನ್ನು ನಾನು ಕಲಿತದ್ದು ಗ್ರಂಥಗಳಿಂದಲ್ಲ. 2020ರ ಮಾರ್ಚ್ ತಿಂಗಳಲ್ಲಿ ಕೊರೊನಾ ವ್ಯಾಧಿಯ ನಿಮಿತ್ತ ಶಾಲೆಗಳು ಮುಚ್ಚಿದವು. ನಮ್ಮ ರಾಜ್ಯದಲ್ಲಿ ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಅವು ಮರಳಿ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಲ್ಲಿಯವರೆಗೆ ಮನೆಯೇ ಪಾಠಶಾಲೆಯಾಗಬೇಕಾಯಿತು. ದಾವಣಗೆರೆಯ ಕೆ.ಬಿ. ಬಡಾವಣೆಯ ನಮ್ಮ ಮನೆಯಲ್ಲಿ ತಮ್ಮನ ಮಗಳು, ಆರು ವರ್ಷದ ಹುಡುಗಿ, ನನ್ನ ಪಾಲಿಗೆ ಬಂದಳು. ಒಂದು ಮುಂಜಾನೆ ಅವಳು ದಿನಪತ್ರಿಕೆಯ ಒಂದು ಸುದ್ದಿಯನ್ನು ಎಲ್ಲಿಯೂ ಎಡವದೆ ಓದಿದಳು. ನಾನು ಹಿಗ್ಗಿ, “ಏನಂತೆ ತಾಯಿ, ಸುದ್ದಿ?” ಎಂದು ಕೇಳಿದೆ. ಅವಳು ಪತ್ರಿಕೆಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ ಸುಮ್ಮನಾದಳು. ಅಂದಿನಿಂದ ನಾನು ಪದಪದಕ್ಕೂ ಅರ್ಥ ಕೇಳತೊಡಗಿದೆ. ತಪ್ಪಿದಲ್ಲೆಲ್ಲ ತಡೆದು ತಿದ್ದಿದೆ. ಎರಡು ವಾರ ಕಳೆಯುವಷ್ಟರಲ್ಲಿ, ನಾನು ಪುಸ್ತಕ ಹಿಡಿದು ಕುಳಿತೊಡನೆ “ದೊಡ್ಡಪ್ಪಾ, ಹೊಟ್ಟೆನೋವು” ಎನ್ನುವುದು ಅವಳ ರೂಢಿಯಾಯಿತು. ಒಂದು ದಿನ ಆ ಪುಸ್ತಕ ಅಕ್ಕಿಯ ಡಬ್ಬಿಯ ಹಿಂದೆ ಸಿಕ್ಕಿತು. ಬಹುಕಾಲ ಪಾಠ ಹೇಳಿದವನಿಗೆ ಅದಕ್ಕಿಂತ ದೊಡ್ಡ ಸೋಲು ಬೇಕಿರಲಿಲ್ಲ.

ಇದರ ಕಾರಣವನ್ನು ವಿಚಾರಿಸೋಣ. ಕನ್ನಡವನ್ನು ಬಹುಮಟ್ಟಿಗೆ ಬರೆದಂತೆಯೇ ಓದುತ್ತೇವೆ. ‘ಕರ್ಣ’ ಎಂಬಲ್ಲಿ ಣಕಾರದ ಮುಂದೆ ಬರೆದ ಅರ್ಕಾವೊತ್ತನ್ನು ಅದಕ್ಕೆ ಮೊದಲೇ ಉಚ್ಚರಿಸಬೇಕು. ‘ಅಂಕ’, ‘ಅಂಚು’, ‘ಅಂಬು’ ಎಂಬಲ್ಲಿ ಅನುಸ್ವಾರ ಒಂದೇ ಆದರೂ ಮುಂದಿನ ಅಕ್ಷರಕ್ಕೆ ತಕ್ಕಂತೆ ಧ್ವನಿ ಬೇರೆಯಾಗುತ್ತದೆ. ಇಂತಹ ಕೆಲವನ್ನು ಬಿಟ್ಟರೆ, ಅಕ್ಷರ ಬಲ್ಲ ಮಗು ಯಾವ ಪುಟವನ್ನಾದರೂ ಉಚ್ಚರಿಸಬಲ್ಲದು. ಇಂಗ್ಲಿಷ್ ಓದುವ ಮಗು ಪದಗಳ ಕಾಗುಣಿತದಲ್ಲಿ ವರ್ಷಗಟ್ಟಲೆ ತಡವರಿಸುವುದರಿಂದ ಅದರ ಕಷ್ಟ ಕೇಳುವವರಿಗೆ ತಿಳಿಯುತ್ತದೆ. ನಮ್ಮ ಮಗುವಿನ ಕಷ್ಟ ಕಿವಿಗೆ ಬೀಳುವುದಿಲ್ಲ. ನಾಲಗೆ ಮುಂದೆ ಓಡಿ, ಅರ್ಥ ಹಿಂದೆ ಉಳಿಯುತ್ತದೆ. ಲಿಪಿಯ ಈ ಸೌಲಭ್ಯವೇ ಹಿರಿಯರನ್ನು ಮೋಸಗೊಳಿಸುತ್ತದೆ.

ಇದಕ್ಕೆ ಪರಿಹಾರ ನಮ್ಮ ಸಂಪ್ರದಾಯದಲ್ಲಿಯೇ ಇದೆ. ಗಮಕದಲ್ಲಿ ಒಬ್ಬರು ಕಾವ್ಯವನ್ನು ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನಿಸುತ್ತಾರೆ. ವಾಚನ ಮತ್ತು ಅರ್ಥಗಳೆರಡನ್ನೂ ಒಬ್ಬನ ಮೇಲೆಯೇ ಹೊರಿಸುವುದಿಲ್ಲ. ದೊಡ್ಡವರಿಗೇ ಇಬ್ಬರು ಬೇಕಾದಲ್ಲಿ, ಆರು ವರ್ಷದ ಮಗು ಒಂಟಿಯಾಗಿ ಎರಡನ್ನೂ ಹೊರಬೇಕೆನ್ನುವುದು ನ್ಯಾಯವೆ?

ಆದುದರಿಂದ ಮನೆಯಲ್ಲಿ ದಿನಕ್ಕೆ ಕಾಲು ಗಂಟೆ ಜೊತೆಯಾಗಿ ಕುಳಿತರೆ ಸಾಕು. ಒಂದು ಪುಟವನ್ನು ಹಿರಿಯರು ಓದಲಿ, ಇನ್ನೊಂದನ್ನು ಮಗು ಓದಲಿ. ಮಗುವಿನ ಕಿವಿ ಅದರ ಕಣ್ಣಿಗಿಂತ ಬಹಳ ಮುಂದಿರುತ್ತದೆ. ತಾನೇ ಓದಲಾರದ ಕಥೆಯನ್ನು ಕೇಳಿ ಅದು ಸವಿಯಬಲ್ಲದು. ‘ಈಗ ನೀನೇ ಓದಿಕೋ’ ಎಂದು ಓದಿ ಹೇಳುವುದನ್ನು ನಿಲ್ಲಿಸಕೂಡದು. ಮಗು ಓದುವಾಗ ತಪ್ಪಿದರೆ ವಾಕ್ಯ ಮುಗಿಯುವವರೆಗೆ ಕಾಯಬೇಕು. ಅರ್ಥ ಕೆಟ್ಟಿತೆಂದು ತಿಳಿದರೆ ಅನೇಕ ವೇಳೆ ಅದು ತಾನೇ ಹಿಂದಿರುಗಿ ತಿದ್ದಿಕೊಳ್ಳುತ್ತದೆ.

ಎರಡನೆಯದು ಪದಚ್ಛೇದ. ‘ಮನೆಯಲ್ಲಿದ್ದವರೆಲ್ಲರೂ’ ಎಂಬುದು ಕಣ್ಣಿಗೆ ಒಂದೇ ಪದ. ಮನೆಯಲ್ಲಿ, ಇದ್ದವರು, ಎಲ್ಲರೂ ಎಂದು ಬೆರಳಿನಿಂದ ಬಿಡಿಸಿ ತೋರಿಸಿದರೆ ಮೂರೂ ಮಗು ಬಲ್ಲ ಮಾತುಗಳೇ. ಲೋಪ, ಆಗಮ, ಆದೇಶಗಳ ಹೆಸರು ಈಗ ಬೇಡ. ಹಳಗನ್ನಡ ಪದ್ಯವನ್ನು ನಾವು ಬಿಡಿಸಿ ಓದುವ ಅಭ್ಯಾಸವನ್ನೇ ಇಲ್ಲಿ ಹೊಸಗನ್ನಡಕ್ಕೆ ತಂದರಾಯಿತು.

ಮೂರನೆಯದು ಊರಮಾತಿನ ಮತ್ತು ಪುಸ್ತಕದ ಮಾತಿನ ಅಂತರ. ನಮ್ಮ ಮಂಡಕ್ಕಿ ಬೇರೆ ಸೀಮೆಯವರು ಬರೆದ ಕಥೆಯಲ್ಲಿ ಪುರಿಯಾಗಿರುತ್ತದೆ, ಶೇಂಗಾ ಕಡಲೆಕಾಯಿಯಾಗಿರುತ್ತದೆ. ಅಂತಹಲ್ಲಿ ‘ಇದು ನಮ್ಮ ಮಂಡಕ್ಕಿಯೇ’ ಎಂಬ ಒಂದು ಮಾತು ನಿಘಂಟಿಗಿಂತ ಹೆಚ್ಚು ಉಪಕಾರಿ. ಮನೆಯ ಮಾತನ್ನು ತಪ್ಪೆಂದು ಹೇಳಿದರೆ ಮಗು ಪುಸ್ತಕವನ್ನು ಪರಕೀಯವೆಂದು ಭಾವಿಸುತ್ತದೆ.

ಇನ್ನು ಏನನ್ನು ಓದಿಸಬೇಕು? ಮೊದಲು ಬಾಯಿಗೆ ಬಂದಿರುವುದನ್ನೇ ಕಣ್ಣಿಗೆ ತರಬೇಕು. ಕಂಠಪಾಠವಾದ ಶಿಶುಗೀತೆಯನ್ನೋ ಚಿಕ್ಕ ವಚನವನ್ನೋ ಅಚ್ಚಿನಲ್ಲಿ ಕಂಡಾಗ ಮಗುವಿಗೆ ಪರಿಚಿತರನ್ನು ಕಂಡ ಸಂತೋಷ. ಬಳಿಕ ಜಿ.ಪಿ. ರಾಜರತ್ನಂ ಅವರ ‘ತುತ್ತೂರಿ’, ಪಂಜೆ ಮಂಗೇಶರಾಯರ ಕಥೆಗಳು, ಬ್ರೌನಿಂಗ್ ಕವಿಯ ಕವನವನ್ನು ಕನ್ನಡದ ಮಣ್ಣಿಗೆ ಒಗ್ಗಿಸಿದ ಕುವೆಂಪು ಅವರ ‘ಕಿಂದರಿಜೋಗಿ’. ಮುಂದೆ, ಮಗು ಪ್ರಶ್ನೆ ಕೇಳುವ ವಯಸ್ಸಿಗೆ, ಶಿವರಾಮ ಕಾರಂತರು ಮೂರು ಸಂಪುಟಗಳಲ್ಲಿ ರಚಿಸಿದ ‘ಬಾಲ ಪ್ರಪಂಚ’ವನ್ನು ಹಿರಿಯರು ಜೊತೆಗೆ ಕುಳಿತು ತೆರೆಯಬಹುದು. ಒಂದು ಪುಟದಲ್ಲಿ ನಾಲ್ಕೈದಕ್ಕಿಂತ ಹೆಚ್ಚು ಅಪರಿಚಿತ ಪದಗಳಿದ್ದರೆ ಆ ಪುಟ ಹಿರಿಯರ ಪಾಲಿಗಿರಲಿ. ಓದಿದ ಕಥೆಯನ್ನೇ ಹತ್ತು ಬಾರಿ ಬೇಡಿದರೆ ಬೇಸರಿಸಬಾರದು. ಮರು ಓದಿನಲ್ಲಿಯೇ ನಾಲಗೆಯೂ ಅರ್ಥವೂ ಒಂದಾಗುತ್ತವೆ.

ನಮ್ಮ ಮನೆಯ ಹುಡುಗಿಯನ್ನು ಓದಿಗೆ ಮರಳಿಸಿದವನು ನಾನಲ್ಲ. ಅಕ್ಷರವನ್ನೇ ಅರಿಯದ ನನ್ನ ತಾಯಿಯವರು ಒಂದು ಸಂಜೆ, “ನನಗೊಂದು ಕತಿ ಓದಿ ಹೇಳು ತಾಯಿ” ಎಂದರು. ಹುಡುಗಿ ಓದಿದಳು. ಪ್ರತಿ ಪುಟಕ್ಕೂ ಅಜ್ಜಿ, “ಅಂದ್ರೆ ಏನಾತು? ಅವ ಯಾಕೆ ಹಂಗ ಮಾಡಿದ?” ಎಂದು ಕೇಳಿದರು. ಅದು ಪರೀಕ್ಷೆಯಾಗಿರಲಿಲ್ಲ, ಅವರಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು. ಅಜ್ಜಿಗೆ ಹೇಳಬೇಕೆಂದು ಮೊಮ್ಮಗಳು ಹಿಂದಿನ ಪುಟಕ್ಕೆ ಹೋಗಿ ಓದಿ, ತಿಳಿದು, ತನ್ನ ಮಾತಿನಲ್ಲಿ ಹೇಳಿದಳು. ಕೆಲವು ತಿಂಗಳ ಬಳಿಕ ಅವಳು ಮೂಲೆಯಲ್ಲಿ ಮೌನವಾಗಿ ಓದುತ್ತ ತನ್ನಷ್ಟಕ್ಕೆ ನಕ್ಕಳು. ಅಂದು ಅವಳಿಗೆ ಓದು ಬಂದಿತೆಂದು ನಾನು ತಿಳಿದೆನು.

ಓದು ಬಾರದ ತಂದೆತಾಯಿಗಳೂ ಮಗುವಿನ ಓದಿಗೆ ಗುರುಗಳಾಗಬಲ್ಲರೆಂಬುದನ್ನು ಉಪಾಧ್ಯಾಯ ಬಂಧುಗಳು ಪೋಷಕರಿಗೆ ಮನಗಾಣಿಸಬೇಕು. ಆದರೆ ಕೇಳುವ ಕಿವಿಯಿದ್ದರೂ ಓದಲು ಪುಸ್ತಕವಿಲ್ಲದ ಮನೆಗಳು ಅನೇಕ. ಶಾಲೆಯ ಬೀರುವಿನ ಪುಸ್ತಕ ವಾರಕ್ಕೊಂದರಂತೆ ಮಗುವಿನ ಮನೆಗೆ ಹೋಗಲಿ, ಹರಿದರೆ ಹರಿಯಲಿ. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಕಟ್ಟಡಕ್ಕೆ ಕೊಟ್ಟಂತೆ ಈ ಬೀರುವಿಗೂ ಕೊಡಲಿ. ಅಕ್ಷರದ ದೀಪಕ್ಕೆ ಅರ್ಥವೇ ಎಣ್ಣೆ. ಹಚ್ಚಿದವರೇ ಎಣ್ಣೆಯನ್ನೂ ಎರೆಯಬೇಕಲ್ಲವೆ?