ಕಾರಟಗಿಯ ಚಳಿಗಾಲ: ಎರಡು ದಿನದ ಬಿಡುವು

ಬಿಡುವು ಎಂಬುದು ಎಲ್ಲ ಊರುಗಳಿಗೂ ಒಂದೇ ಬಗೆಯಾಗಿ ಬರುವುದಿಲ್ಲ. ಬೆಂಗಳೂರಿನ ನೌಕರನಿಗೆ ಅದು ಗೋಡೆಯ ಮೇಲಿನ ಕ್ಯಾಲೆಂಡರಿನ ಕೆಂಪು ಅಂಕಿಯಾಗಿ ಬರುತ್ತದೆ. ಕಾರಟಗಿಯವನಿಗಾದರೋ ಕೊಯ್ಲು ಮುಗಿದು, ಭತ್ತದ ಚೀಲಗಳು ಗಿರಣಿಯ ಅಂಗಳವನ್ನು ಸೇರಿದಾಗ ಬರುತ್ತದೆ. ಡಿಸೆಂಬರ್ ತಿಂಗಳ ನಡುವಿನಿಂದ ಸಂಕ್ರಾಂತಿಯ ಆಸುಪಾಸಿನವರೆಗೆ, ಒಂದು ಬೆಳೆ ಮನೆಗೆ ಬಂದು ಇನ್ನೊಂದರ ನಾಟಿ ಭರದಿಂದ ಸಾಗುವ ಮೊದಲು ದೊರೆಯುವ ಮೂರು ನಾಲ್ಕು ವಾರಗಳು ಅವು. ವರ್ಷದ ಬಹುಭಾಗ ಬಿಸಿಲಿಗೆ ಮೈಯೊಡ್ಡುವ ಈ ಸೀಮೆಯಲ್ಲಿ ಬೆಳಗಿನ ಜಾವ ಹೊದಿಕೆಯನ್ನು ಎಳೆದುಕೊಳ್ಳಬೇಕೆನಿಸುವ ದಿನಗಳೂ ಇವೇ. ಕೈಯಲ್ಲಿ ನಾಲ್ಕು ಕಾಸು, ಮೈಗೆ ಹಿತವಾದ ಚಳಿ, ಎದುರಿಗೆ ಶನಿವಾರ, ಭಾನುವಾರ! ಹೊರಗೆ ಉಂಡು, ಒಂದು ಸಿನಿಮಾ ನೋಡಿ ಬರೋಣವೆಂಬ ಮಾತು ಮನೆಯೊಳಗೆ ಹುಟ್ಟುವುದು ಇಂಥ ಹೊತ್ತಿನಲ್ಲಿಯೇ.

ಗಂಗಾವತಿಯಿಂದ ಸಿಂಧನೂರಿಗೆ ಹೋಗುವ ಹಾದಿಯಲ್ಲಿರುವ ಕಾರಟಗಿಯನ್ನು ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಅಕ್ಕಿ ಗಿರಣಿಗಳ ಹೊಗೆಕೊಳವೆಗಳು, ತೌಡಿನ ವಾಸನೆ, ಸಾಲುಗಟ್ಟಿ ನಿಂತ ಲಾರಿಗಳು ನೆನಪಿನಲ್ಲಿ ಉಳಿದಾವು. ವಿಹಾರಕ್ಕೆಂದು ಇಲ್ಲಿಗೆ ಬರುವವರು ಇಲ್ಲ. ಹಂಪಿ, ಆನೆಗೊಂದಿಗಳಿಗೆ ಹೋಗುವ ಪ್ರವಾಸಿಗಳು ಗಂಗಾವತಿಯಿಂದಲೇ ತಿರುಗಿಬಿಡುತ್ತಾರೆ. ಕಣ್ಣಿದ್ದವರು ಕನಕಗಿರಿ ನೋಡಬೇಕೆಂಬ ಗಾದೆಯನ್ನು ನಂಬಿದವರು ನೆರೆಯ ಕನಕಗಿರಿಗೆ ಹೋಗಿ, ಕನಕಾಚಲಪತಿಯ ಗುಡಿಯ ಶಿಲ್ಪವನ್ನು ಕಂಡು ಮರಳುತ್ತಾರೆ. ಹೀಗಾಗಿ ಕಾರಟಗಿಯ ವಾರಾಂತ್ಯ ಪೂರ್ತಿಯಾಗಿ ಕಾರಟಗಿಯವರದೇ.

ಶನಿವಾರದ ಬೆಳಗು ಒಗ್ಗರಣಿ ಮಿರ್ಚಿಯಿಂದ ಆರಂಭವಾಗುತ್ತದೆ. ನೆನೆಸಿ ಹಿಂಡಿದ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸು, ಅರಿಸಿನದ ಒಗ್ಗರಣೆ. ಮೇಲೆ ಹುರಿಗಡಲೆಯ ಪುಡಿ, ಹಿಂಡಿದ ನಿಂಬೆ. ಪಕ್ಕದಲ್ಲಿ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಉದ್ದನೆಯ ಹಸಿಮೆಣಸಿನಕಾಯಿ. ಇಡ್ಲಿ, ದೋಸೆಗಳು ಈ ಸೀಮೆಗೆ ಬಂದು ಬಹುಕಾಲವಾದರೂ ಒಗ್ಗರಣಿಯ ಸ್ಥಾನವನ್ನು ಕಸಿಯಲಾಗಿಲ್ಲ. ಹೊರಗಿನವರು ಮೊದಲ ಮಿರ್ಚಿಗೆ ಕಣ್ಣೀರಿಟ್ಟು ಎರಡನೆಯದಕ್ಕೆ ಕೈಚಾಚುವುದು ಇಲ್ಲಿಯವರಿಗೆ ಹಳೆಯ ವಿನೋದ. ಇದು ಬರಿಯ ಅಂಗಡಿಯ ತಿಂಡಿಯೆಂದು ತಿಳಿಯಬೇಡಿ: ಪುಷ್ಯ ಮಾಸದಲ್ಲಿ ನಡೆಯುವ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹದಲ್ಲಿ, ಹಳ್ಳಿ ಹಳ್ಳಿಗಳಿಂದ ಭಕ್ತರು ತಟ್ಟಿ ತರುವ ಜೋಳದ ರೊಟ್ಟಿ ಮತ್ತು ಮಾದಲಿಯ ಜೊತೆಗೆ ಮಿರ್ಚಿಯೂ ಲಕ್ಷಗಟ್ಟಲೆಯಾಗಿ ಕರಿದು ಬಡಿಸಲ್ಪಡುತ್ತದೆ.

ಮಧ್ಯಾಹ್ನದ ಊಟಕ್ಕೆ ಎರಡು ದಾರಿ. ಒಂದು, ಉತ್ತರ ಕರ್ನಾಟಕದ ಖಾನಾವಳಿಯದು: ಕಾವಲಿಯಿಂದ ನೇರವಾಗಿ ತಟ್ಟೆಗೆ ಬರುವ ಜೋಳದ ರೊಟ್ಟಿ, ಬದನೆಯ ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾಹಿಂಡಿ, ಮೊಸರು. ಇನ್ನೊಂದು ಆಂಧ್ರದ ಊಟ: ಅನ್ನ, ಪಪ್ಪು, ಗೋಂಗೂರದ ಚಟ್ನಿ. ಪುಂಡಿಪಲ್ಯದ ಪುಂಡಿಯೂ ಗೋಂಗೂರವೂ ಒಂದೇ ಸೊಪ್ಪೆಂಬುದನ್ನು ಬಲ್ಲ ಮನೆಯಾಕೆ, ಎರಡೂ ಎಲೆಗಳನ್ನು ನೋಡಿ ನಗುತ್ತಾಳೆ. ಆದರೆ ಈ ಎರಡು ಊಟಗಳು ಒಂದೇ ಬೀದಿಯಲ್ಲಿ ನಿಂತದ್ದಕ್ಕೆ ಒಂದು ಇತಿಹಾಸವುಂಟು.

1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ಕಾಲುವೆಗೆ ನೀರು ಹರಿಯಿತು. ಆಗ ಈ ಪ್ರದೇಶ ಹೈದರಾಬಾದು ರಾಜ್ಯದ ರಾಯಚೂರು ಜಿಲ್ಲೆಗೆ ಸೇರಿತ್ತು. ಕನ್ನಡ ನಾಡಿನ ಏಕೀಕರಣಕ್ಕೆ ಇನ್ನೂ ಮೂರು ವರ್ಷವಿತ್ತು, ಕೊಪ್ಪಳ ಜಿಲ್ಲೆಯಾಗಲು 1997 ಬರಬೇಕಾಗಿತ್ತು. ಎಡದಂಡೆಯ ಕಾಲುವೆ 200 ಕಿಲೋಮೀಟರಿಗೂ ಮಿಕ್ಕು ಹರಿದು ರಾಯಚೂರಿನ ಬರಗಾಲದ ನೆಲವನ್ನು ಮುಟ್ಟಬೇಕೆಂಬುದು ಯೋಜನೆ. ಜೋಳ, ಹತ್ತಿಗಳಿಗೆ ತೆಳುವಾಗಿ ನೀರುಣಿಸಿ ಹೆಚ್ಚು ಹೊಲಗಳನ್ನು ಕಾಪಾಡುವುದೆಂದು ಲೆಕ್ಕ ಹಾಕಿದ್ದರು. ಆದರೆ ಕೃಷ್ಣಾ, ಗೋದಾವರಿ ಬಯಲುಗಳ ರೈತರು ಬಂದು ಭೂಮಿ ಕೊಂಡು, ‘ಕ್ಯಾಂಪ್’ಗಳನ್ನು ಕಟ್ಟಿ, ಕರಿನೆಲವನ್ನು ಗದ್ದೆಯಾಗಿ ಮಾಡಿದರು. ಸ್ಥಳೀಯರೂ ಅವರಿಂದ ಕಲಿತರು. ಸೋನಾ ಮಸೂರಿ ಬೆಳೆದು ಊರು ಸಿರಿವಂತವಾಯಿತು. ಕಾಲುವೆಯ ಕೊನೆಯ ಹಳ್ಳಿಗಳು ನೀರಿಗಾಗಿ ಕಾದವು. ಈ ಮಾತನ್ನು ಕಾರಟಗಿಯ ಊಟದ ಮೇಜಿನ ಬಳಿ ಯಾರೂ ಎತ್ತುವುದಿಲ್ಲವಾದರೂ ಮಾನ್ವಿಯ ಕಡೆಯ ನೆಂಟರು ಬಂದಾಗ ಅದು ತಾನಾಗಿಯೇ ಏಳುತ್ತದೆ.

ಹೊರಗೆ ಉಣ್ಣುವುದು ಹೊಸ ಕಾಲದ ಷೋಕಿಯೆಂದು ಗೊಣಗುವ ಹಿರಿಯರುಂಟು. ಅವರಿಗೆ ಎಳ್ಳಮಾವಾಸ್ಯೆಯನ್ನು ನೆನಪಿಸಬೇಕು. ಇದೇ ಚಳಿಯಲ್ಲಿ ಚಕ್ಕಡಿ ಕಟ್ಟಿ, ಸಜ್ಜೆ ರೊಟ್ಟಿ, ಹೋಳಿಗೆ, ಕಡುಬು, ಪುಂಡಿಪಲ್ಯಗಳ ಬುತ್ತಿಯೊಡನೆ ಇಡೀ ಮನೆ ಹೊಲಕ್ಕೆ ಹೋಗಿ, ಬನ್ನಿಯ ಬುಡದಲ್ಲಿ ಪೂಜೆ ಮಾಡಿ, ತೆನೆಗಟ್ಟುವ ಜೋಳದ ನಡುವೆ ಚರಗ ಚೆಲ್ಲಿ ಉಣ್ಣುವುದು ಈ ಸೀಮೆಯ ಹಳೆಯ ಹೊರಗಿನ ಊಟವಲ್ಲದೆ ಮತ್ತೇನು? ಭೇದ ಇಷ್ಟೆ: ಆ ಊಟಕ್ಕೆ ಹೆಂಗಸರು ಹಿಂದಿನ ರಾತ್ರಿಯೆಲ್ಲ ಒಲೆಯ ಮುಂದೆ ಕೂರಬೇಕು, ಖಾನಾವಳಿಯ ಊಟಕ್ಕೆ ಬೇಕಾಗಿಲ್ಲ. “ಇವತ್ತ ಒಲಿ ಹಚ್ಚಂಗಿಲ್ಲ ನೋಡ್ರಿ” ಎಂದು ಗಿರಣಿ ಗುಮಾಸ್ತನ ಮಡದಿ ಶನಿವಾರ ಮುಂಜಾನೆಯೇ ಹೇಳಿಬಿಟ್ಟರೆ, ಅದನ್ನು ಸೋಮಾರಿತನವೆಂದು ಕರೆಯುವ ಗಂಡಸು ಒಂದು ದಿನ ತಾನೇ ಇಪ್ಪತ್ತು ರೊಟ್ಟಿ ತಟ್ಟಿ ನೋಡಬಹುದು. ಅಂದ ಹಾಗೆ, ಗದ್ದೆಯಾದ ಹೊಲದಲ್ಲಿ ಈಗ ಜೋಳವಿಲ್ಲ. ಕೊಯ್ದ ಕೂಳೆಯ ಬದುವಿನ ಮೇಲೆ ಕೂತು ಚರಗ ಚೆಲ್ಲುವ ಮನೆಗಳಿವೆ, ನೆಂಟರ ಬೆದ್ದಲಿಗೆ ಹೋಗಿ ಹಬ್ಬ ಮಾಡುವ ಮನೆಗಳೂ ಇವೆ.

ಊಟವಾಯಿತು, ಇನ್ನು ಸಿನಿಮಾ. ಟೂರಿಂಗ್ ಟಾಕೀಸಿನ ಕಾಲವನ್ನು ಕಂಡವರು ಈ ಸೀಮೆಯಲ್ಲಿ ಇನ್ನೂ ಇದ್ದಾರೆ. ಸುಗ್ಗಿ ಮುಗಿದ ಊರಿನ ಬಯಲಲ್ಲಿ ಗುಡಾರ ಏಳುವುದು. ಸಂಜೆಗೆ ಧ್ವನಿವರ್ಧಕದಿಂದ ಘಂಟಸಾಲರ ಭಕ್ತಿಗೀತೆ ಕೇಳಿಬಂದರೆ ಟಿಕೀಟು ಕೊಡಲು ಆರಂಭವಾಯಿತೆಂದೇ ಅರ್ಥ. ನೆಲದ ಮೇಲೆ ಕೂತವನಿಗೆ ಕಡಿಮೆ ದರ, ಬೆಂಚಿಗೆ ತುಸು ಹೆಚ್ಚು, ಕುರ್ಚಿಗೆ ಇನ್ನೂ ಹೆಚ್ಚು. ಸಾವಿರ ಅಡಿಯ ಒಂದು ರೀಲು ಹನ್ನೊಂದು ನಿಮಿಷ ಓಡುತ್ತದೆ. ಯಂತ್ರ ಒಂದೇ ಇದ್ದ ಗುಡಾರದಲ್ಲಿ ರೀಲು ಬದಲಿಸಲು ಆಟ ಮತ್ತೆ ಮತ್ತೆ ನಿಲ್ಲುತ್ತಿತ್ತು. ಆ ಬಿಡುವಿನಲ್ಲಿಯೇ ಶೇಂಗಾ ಮಾರಾಟ! ಚಿತ್ರದ ಪ್ರತಿ ದೊಡ್ಡ ಊರುಗಳನ್ನೆಲ್ಲ ಸುತ್ತಿ, ಗೀರುಬಿದ್ದು, ಇಲ್ಲಿಗೆ ಬರುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತಿದ್ದವು. ಈಗ ರೀಲಿಲ್ಲ, ಡಿಜಿಟಲ್ ಪ್ರದರ್ಶನ. ಬೆಂಗಳೂರಿನಲ್ಲಿ ಶುಕ್ರವಾರ ತೆರೆಕಂಡ ಚಿತ್ರವನ್ನು ಗಂಗಾವತಿ, ಸಿಂಧನೂರುಗಳಲ್ಲಿಯೂ ಅಂದೇ ನೋಡಬಹುದು.

ಯಾವ ಭಾಷೆಯ ಚಿತ್ರವೆಂಬ ಜಗಳ ಮನೆಯೊಳಗೇ ಉಂಟು. ಕ್ಯಾಂಪಿನ ಮನೆಗಳಿಗೆ ಸಂಕ್ರಾಂತಿಯೆಂದರೆ ತೆಲುಗು ಚಿತ್ರ. ಅವರ ಕನ್ನಡ ಶಾಲೆಯ ಮಕ್ಕಳಿಗೆ ಎರಡೂ ನಡೆಯುತ್ತದೆ. 2018ರ ಡಿಸೆಂಬರ್ 21ರಂದು ‘ಕೆ.ಜಿ.ಎಫ್.’ ಕನ್ನಡದ ಜೊತೆಗೆ ತೆಲುಗಿನಲ್ಲಿಯೂ ತೆರೆಕಂಡಿತು. ತೆಲುಗಿನಿಂದ ಕನ್ನಡ ನಾಡಿಗೆ ಬರುತ್ತಿದ್ದ ಪ್ರವಾಹ ಒಂದಿಷ್ಟು ಹಿಮ್ಮುಖವಾಗಿಯೂ ಹರಿಯಬಲ್ಲುದೆಂಬುದಕ್ಕೆ ಅದು ಸಾಕ್ಷಿಯಾಯಿತು. ಆದರೂ ನೆಲ ಉಳುವವರ ಊರಿಗೆ ಒಪ್ಪುವ ಚಿತ್ರವೆಂದರೆ 1972ರ ‘ಬಂಗಾರದ ಮನುಷ್ಯ’. ಟಿ. ಕೆ. ರಾಮರಾಯರ ಕಾದಂಬರಿಯನ್ನು ಸಿದ್ಧಲಿಂಗಯ್ಯನವರು ಚಿತ್ರವಾಗಿಸಿದರು. ಹಳ್ಳಿಗೆ ಮರಳಿದ ತರುಣನಾಗಿ ರಾಜಕುಮಾರ್ ಬರಡು ನೆಲದಲ್ಲಿ ಬೆಳೆ ತೆಗೆದರು. ಅದನ್ನು ಕಂಡು ಪಟ್ಟಣದಿಂದ ಬೇಸಾಯಕ್ಕೆ ಮರಳಿದ ಯುವಕರಿದ್ದರೆಂದು ಹೇಳುವುದುಂಟು. ಕಾರಟಗಿಯ ತರುಣರು ಈಗ ಯಾವ ದಿಕ್ಕಿಗೆ ಹೋಗುತ್ತಿದ್ದಾರೆಂಬುದಕ್ಕೆ ಬೆಂಗಳೂರಿನ ಬಸ್ಸುಗಳ ಕಡೆ ನೋಡಿದರೆ ಸಾಕು.

ಇಷ್ಟೆಲ್ಲ ಉಲ್ಲಾಸವೂ ಜಲಾಶಯದ ಅಳತೆಗೋಲಿಗೆ ಕಟ್ಟುಬಿದ್ದಿದೆ. ಆರಂಭದಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರೆಯ ಒಡಲು ಹೂಳು ತುಂಬಿ 105.788 ಟಿಎಂಸಿಗೆ ಇಳಿದಿದೆ. 2023ರಲ್ಲಿ ಮಳೆ ಕೈಕೊಟ್ಟಿತು. ಎರಡನೆಯ ಬೆಳೆಗೆ ನೀರಿಲ್ಲವಾಯಿತು. ಭೂಸುಧಾರಣೆಯ ಕಾಲದ ಉಳುವವನ ಕತೆಯನ್ನು ಹೇಳುವ ‘ಕಾಟೇರ’ ತೆರೆಗೆ ಬಂದದ್ದು ಆ ಚಳಿಗಾಲದ ಡಿಸೆಂಬರ್ 29ರ ಶುಕ್ರವಾರ. ಗದ್ದೆ ಬಿಕೋ ಎನ್ನುವಾಗ ದೊರೆತ ಬಿಡುವು ಹಿತವಾದುದಲ್ಲ. ಕೆಲಸವಿಲ್ಲದವನಿಗೆ ಭಾನುವಾರವೂ ಸೋಮವಾರವೂ ಒಂದೇ. ಮರುವರ್ಷ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ತುಂಡಾಗಿ ನೀರು ನದಿಗೆ ಹರಿದುಹೋದಾಗ, ಸೀಮೆಯ ಮನೆಗಳಲ್ಲಿ ಕಣ್ಣೆಲ್ಲ ದೂರದರ್ಶನದ ಮೇಲೆ. ಹರಿಯುವ ನೀರಿನಲ್ಲಿಯೇ ತಡೆಹಲಗೆಗಳನ್ನು ಇಳಿಸಿ ನಿಲ್ಲಿಸಲು ಒಂದು ವಾರ ಬೇಕಾಯಿತು. ಬಳಿಕ ಮಳೆ ಬಂದು ಜಲಾಶಯ ಮತ್ತೆ ತುಂಬಿತು.

ಬಿಡುವು ಎಲ್ಲರಿಗೂ ಸಮನಾಗಿ ಬರುವುದೂ ಇಲ್ಲ. ಮಾಲೀಕನ ಮನೆ ಸಿನಿಮಾಕ್ಕೆ ಹೊರಟ ಹೊತ್ತಿನಲ್ಲಿಯೇ ಹಮಾಲನ ಬೆನ್ನ ಮೇಲೆ ಚೀಲ ಏರುತ್ತಿರುತ್ತದೆ, ಏಕೆಂದರೆ ಗಿರಣಿಗಳಿಗೆ ಕೊಯ್ಲಿನ ಮರುತಿಂಗಳೇ ಸುಗ್ಗಿ. ಅವನ ವಾರಾಂತ್ಯವೆಲ್ಲ ಸಂಜೆಯ ಒಂದು ತಟ್ಟೆ ಮಿರ್ಚಿಯಲ್ಲಿದೆ. ಭಾನುವಾರ ರಾತ್ರಿ ಎರಡನೆಯ ಆಟ ಬಿಟ್ಟು ಸಿಂಧನೂರಿನಿಂದ ಮರಳುವ ಮೋಟಾರು ಸೈಕಲ್ಲುಗಳ ಮೇಲೆ ಅಪ್ಪನ ಮುಂದೆ ಒಂದು ಮಗು, ಹಿಂದೆ ಇನ್ನೊಂದು, ತಾಯಿಯ ತಲೆಗೆ ಉಣ್ಣೆಯ ಶಾಲು. ನಾಯಕ ಕೊನೆಗೆ ಸತ್ತದ್ದು ಸರಿಯೇ ತಪ್ಪೇ ಎಂಬ ವಾದ ಊರು ಸೇರುವವರೆಗೂ ನಡೆಯುತ್ತದೆ. ಬೆಳಗಾದರೆ ನಾಟಿಯ ಆಳುಗಳನ್ನು ಹೊತ್ತ ಟ್ರ್ಯಾಕ್ಟರುಗಳು ಅದೇ ಹಾದಿಯಲ್ಲಿ ಗದ್ದೆಗಳ ಕಡೆಗೆ ಹೊರಡಬೇಕು.