ಊರಿಗೆ ಮರಳಿದ ಸಿಪಾಯಿ

ಯುದ್ಧದಲ್ಲಿ ಮಡಿದ ವೀರನನ್ನು ಮರೆಯಲಾಗದೆಂಬ ಬುದ್ಧಿ ಕನ್ನಡನಾಡಿಗೆ ಹೊರಗಿನಿಂದ ಬಂದುದಲ್ಲ. ನಮ್ಮ ಹಳ್ಳಿಗಳ ಅಗಸೆಬಾಗಿಲಲ್ಲಿ, ಹನುಮಪ್ಪನ ಗುಡಿಯ ಮಗ್ಗುಲಲ್ಲಿ, ಕೆರೆಯ ಏರಿಯ ಮೇಲೆ ನಿಂತಿರುವ ವೀರಗಲ್ಲುಗಳೇ ಇದಕ್ಕೆ ಸಾಕ್ಷಿ. ಕಲ್ಲನ್ನು ನಿಲ್ಲಿಸಿ ಕೈತೊಳೆದುಕೊಳ್ಳದೆ, ಮಡಿದವನ ಹೆಂಡಿರು ಮಕ್ಕಳ ಜೀವನಕ್ಕಾಗಿ ಭೂಮಿಯನ್ನು ಬಿಟ್ಟುಕೊಡುವ ಪದ್ಧತಿಯೂ ಇದ್ದಿತು. ಶಾಸನಗಳಲ್ಲಿ ಇದಕ್ಕೆ ನೆತ್ತರುಗೊಡಗೆ ಎಂದು ಹೆಸರು. ಪರಾಕ್ರಮವನ್ನು ಮೆರೆದು ಬಂದವನಿಗೆ ಬಾಳ್ಗಚ್ಚು ಎಂಬ ಕೊಡುಗೆ ಸಲ್ಲುತ್ತಿದ್ದಿತು. ತಕ್ಕೋಲದ ಕಾಳಗದಲ್ಲಿ ತನ್ನ ಮುಂದೆ ನಿಂತು ಕಾದಿದ ಮಣಲೆರನಿಗೆ ಗಂಗರ ಬೂತುಗನು ಆತಕೂರನ್ನು ಹೀಗೆಯೇ ಕೊಟ್ಟನೆಂದು ಕ್ರಿ. ಶ. 949ರ ಸುಮಾರಿನ ಆತಕೂರಿನ ಶಾಸನದಿಂದ ತಿಳಿಯುತ್ತೇವೆ.

ಆದರೆ ಈ ಇಬ್ಬರ ನಡುವೆ ಮೂರನೆಯವನೊಬ್ಬನುಂಟು. ಆತನು ಮಡಿಯಲೂ ಇಲ್ಲ, ಗೆದ್ದು ಮೆರೆಯಲೂ ಇಲ್ಲ. ಒಂದು ಕಾಲನ್ನೋ ಎರಡು ಕಣ್ಣುಗಳನ್ನೋ ರಣಭೂಮಿಯಲ್ಲಿ ಕಳೆದುಕೊಂಡು, ಬಿಡುಗಡೆಯ ಕಾಗದವೊಂದನ್ನು ಹಿಡಿದು ಊರಿಗೆ ಬರುತ್ತಾನೆ. ಮಡಿದವನ ಋಣವನ್ನು ಒಂದು ಕಲ್ಲಿನಿಂದ, ಒಂದು ಹೊಲದಿಂದ ತೀರಿಸಿದೆವೆಂದು ಸಮಾಜವು ಸಮಾಧಾನ ತಂದುಕೊಳ್ಳಬಹುದು. ಈತನ ಋಣವಾದರೋ ತಿಂಗಳು ತಿಂಗಳಿಗೂ ಹೊಸದಾಗಿ ಸಲ್ಲತಕ್ಕುದು. ಇಂಥವನಿಗಾಗಿ ಕಳೆದ ಶತಮಾನದ ಎರಡು ಮಹಾಯುದ್ಧಗಳ ಕಾಲದಲ್ಲಿ ಏನೇನು ಏರ್ಪಾಡುಗಳಾದುವು, ರಾಯಚೂರು ಸೀಮೆಯ ಕಲ್ಮಲದಂಥ ಊರಿಗೆ ಅವು ತಲುಪಬೇಕಾದರೆ ಏನೇನು ತೊಡಕುಗಳನ್ನು ದಾಟಬೇಕಾಗಿದ್ದಿತು, ಅದರಿಂದ ನಾವು ತಿಳಿಯಬೇಕಾದುದೇನು ಎಂಬುದನ್ನು ವಿಚಾರಿಸೋಣ.

ಮೊದಲು ಸಂಖ್ಯೆಯ ಮಾತು. 1914ರಿಂದ 1918ರ ವರೆಗಿನ ಯುದ್ಧದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕ ಭಾರತೀಯರು ಕಡಲಾಚೆಗೆ ಹೋದರು. ಸುಮಾರು 74,000 ಮಂದಿ ಮರಳಲಿಲ್ಲ. 1939ರಲ್ಲಿ ಆರಂಭವಾದ ಎರಡನೆಯ ಯುದ್ಧದಲ್ಲಿ ನಮ್ಮ ಸೈನ್ಯವು 25 ಲಕ್ಷಕ್ಕೆ ಬೆಳೆಯಿತು. ಸುಮಾರು 87,000 ಮಂದಿ ಮಡಿದರು, 64,000ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಯುದ್ಧವು ಮುಗಿದೊಡನೆಯೇ ಈ 25 ಲಕ್ಷದಲ್ಲಿ ಬಹುಪಾಲು ಜನರನ್ನು ಮನೆಗೆ ಕಳುಹಿಸಬೇಕಾಯಿತು. ಹೀಗೆ ಊರಿಗೆ ಬಂದವರಲ್ಲಿ ಅಂಗವಿಕಲರೂ ಇದ್ದರು, ದೇಹವು ಗಟ್ಟಿಯಾಗಿದ್ದು ಉದ್ಯೋಗವಿಲ್ಲದವರೂ ಇದ್ದರು.

ಆಗ ರಾಯಚೂರು ಸೀಮೆಯು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಿತು. ಮೊದಲನೆಯ ಯುದ್ಧದಲ್ಲಿ ಹೈದರಾಬಾದಿನ ಲ್ಯಾನ್ಸರ್ ಪಡೆಯು ಮೈಸೂರು, ಜೋಧಪುರಗಳ ಲ್ಯಾನ್ಸರ್ ಪಡೆಗಳೊಡನೆ ಒಂದೇ ಬ್ರಿಗೇಡಿನಲ್ಲಿ ಈಜಿಪ್ಟು, ಪ್ಯಾಲೆಸ್ಟೈನ್‌ಗಳಲ್ಲಿ ಸೇವೆಮಾಡಿತು. ಈ ಮೂರು ಸಂಸ್ಥಾನಗಳ ಸ್ಮರಣಾರ್ಥವಾಗಿಯೇ ದೆಹಲಿಯ ತೀನ್‌ಮೂರ್ತಿಯ ಮೂವರು ಕಂಚಿನ ಯೋಧರು ನಿಂತಿದ್ದಾರೆ. ಎರಡನೆಯ ಯುದ್ಧದಲ್ಲಿ, 1941ರ ಡಿಸೆಂಬರಿನಲ್ಲಿ ಜಪಾನೀಯರು ಮಲಯದ ಕೋಟಭಾರುವಿನಲ್ಲಿ ಇಳಿದಾಗ, ಅಲ್ಲಿಯ ವಿಮಾನ ನಿಲ್ದಾಣದ ಕಾವಲಿಗಿದ್ದುದು ಹೈದರಾಬಾದು ಸಂಸ್ಥಾನದ ಒಂದನೆಯ ಕಾಲಾಳುಪಡೆ. ಮೈಸೂರಿನ ಒಂದನೆಯ ಕಾಲಾಳುಪಡೆಯು ಸಿಂಗಪುರದಲ್ಲಿದ್ದಿತು. 1942ರ ಫೆಬ್ರವರಿ 15ರಂದು ಸಿಂಗಪುರವು ಬಿದ್ದಾಗ ಅಲ್ಲಿದ್ದ ಸಹಸ್ರಾರು ಭಾರತೀಯರು ಸೆರೆಯಾದರು. ಮೂರೂವರೆ ವರ್ಷಗಳ ಸೆರೆಯಿಂದ ಬದುಕಿ ಬಂದವರ ದೇಹಸ್ಥಿತಿ ಎಂಥದಾಗಿದ್ದಿತೆಂಬುದನ್ನು ವಿವರಿಸಬೇಕಾಗಿಲ್ಲ.

ಇಂಥವರಿಗೆ ಬೇಕಾದುವು ಮುಖ್ಯವಾಗಿ ಮೂರು: ದೇಹದ ಕೊರತೆಯನ್ನು ತುಂಬುವ ಸಾಧನ, ಅನ್ನ ಸಂಪಾದಿಸುವ ಕಸಬು, ಸಲ್ಲಬೇಕಾದ ಹಣವನ್ನು ಸಲ್ಲಿಸುವ ಕಚೇರಿ.

ದೇಹದ ವಿಷಯವನ್ನು ತೆಗೆದುಕೊಳ್ಳೋಣ. 1944ರಲ್ಲಿ ಪುಣೆಯಲ್ಲಿ ಕೃತಕಾಂಗ ಕೇಂದ್ರವೊಂದು ಸ್ಥಾಪಿತವಾಯಿತು. ಕೃತಕ ಕಾಲೆಂಬುದು ಅಂಗಡಿಯಲ್ಲಿ ಕೊಂಡುತರುವ ಪಾದರಕ್ಷೆಯಂಥದಲ್ಲ. ಉಳಿದ ಮೋಟುಗಾಲಿನ ಅಚ್ಚನ್ನು ತೆಗೆದು, ಆ ಒಬ್ಬನಿಗೇ ಹೊಂದುವಂತೆ ಅದರ ಗೂಡನ್ನು ಮಾಡಬೇಕು. ಅದನ್ನು ತೊಟ್ಟು ನಡೆಯುವುದನ್ನು ಆತನು ಮಗುವಿನಂತೆ ಹೊಸದಾಗಿ ಕಲಿಯಬೇಕು. ವರ್ಷಗಳು ಕಳೆದಂತೆ ಮೋಟುಗಾಲಿನ ಮಾಂಸವು ಕರಗಿ ಗೂಡು ಸಡಿಲವಾಗುತ್ತದೆ; ಕೀಲು ಸವೆಯುತ್ತದೆ. ಆದುದರಿಂದ ಒಮ್ಮೆ ಕಾಲು ಪಡೆದವನು ಆಯುಷ್ಯವಿಡೀ ಆ ಕೇಂದ್ರದ ನಂಟನ್ನು ಉಳಿಸಿಕೊಳ್ಳಲೇಬೇಕು. ಕಣ್ಣು ಕಳೆದುಕೊಂಡ ಯೋಧರಿಗಾಗಿ 1943ರಲ್ಲಿ ಡೆಹರಾಡೂನಿನಲ್ಲಿ ಸಂತ ಡನ್‌ಸ್ಟನ್ನರ ಹೆಸರಿನ ವಸತಿಗೃಹವು ತೆರೆಯಿತು. ಇದರ ಮುಖ್ಯ ಪ್ರವರ್ತಕರಾದ ಸರ್ ಕ್ಲೂಥಾ ಮೆಕೆಂಜಿಯವರು ತಾವೇ 1915ರಲ್ಲಿ ಗ್ಯಾಲಿಪೊಲಿಯ ಯುದ್ಧದಲ್ಲಿ ದೃಷ್ಟಿ ಕಳೆದುಕೊಂಡವರು. ಕುರುಡನಾದವನಿಗೆ ದಯೆಗಿಂತ ಮೊದಲು ಬೇಕಾದುದು ಶಿಕ್ಷಣವೆಂಬುದನ್ನು ಅನುಭವದಿಂದ ಬಲ್ಲವರು ಅದನ್ನು ನಡೆಸಿದರೆಂಬುದು ಗಮನಿಸತಕ್ಕ ಮಾತು.

ಕಸಬಿನ ವಿಷಯದಲ್ಲಿ ಮೊದಲನೆಯ ಯುದ್ಧವೇ ದಾರಿ ತೋರಿಸಿದ್ದಿತು. ಮುಂಬಯಿಯ ಗವರ್ನರರ ಪತ್ನಿ ಲೇಡಿ ವಿಲಿಂಗ್ಡನ್ನರ ಪ್ರಯತ್ನದಿಂದ 1917ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಅನಂತರ ಪುಣೆಯ ಖಡಕಿಗೆ ಸ್ಥಳಾಂತರವಾದ ಕ್ವೀನ್ ಮೇರಿ ಕೈಗಾರಿಕಾ ಶಾಲೆಯು, ಅಂಗವಿಕಲ ಸಿಪಾಯಿಗಳಿಗೆ ಕುಳಿತು ಮಾಡಬಹುದಾದ ಕಸಬುಗಳನ್ನು ಕಲಿಸಿತು. ಎರಡನೆಯ ಯುದ್ಧದ ಕೊನೆಗೆ ಕಾರ್ಯವು ಇನ್ನೂ ವಿಸ್ತಾರವಾಯಿತು. ಬಿಡುಗಡೆಯಾದವರಿಗೆ ಕೆಲಸ ಹುಡುಕಿಕೊಡುವುದಕ್ಕಾಗಿ 1945ರ ಜುಲೈ ತಿಂಗಳಲ್ಲಿ ಪುನರ್ವಸತಿ ಮತ್ತು ಉದ್ಯೋಗಗಳ ನಿರ್ದೇಶನಾಲಯವು ಏರ್ಪಟ್ಟು, ಅದರ ಕೈಕೆಳಗೆ ಉದ್ಯೋಗ ವಿನಿಮಯ ಕಚೇರಿಗಳೂ ತರಬೇತಿಯ ಶಾಲೆಗಳೂ ನಡೆದುವು.

ಮೂರನೆಯದಾದ ಕಚೇರಿಯ ವಿಷಯ. 1919ರಲ್ಲಿ ಭಾರತೀಯ ಸೈನಿಕರ ಮಂಡಲಿಯು ಸ್ಥಾಪಿತವಾಗಿ, ಪ್ರಾಂತಗಳಲ್ಲಿಯೂ ಜಿಲ್ಲೆಗಳಲ್ಲಿಯೂ ಅದರ ಶಾಖೆಗಳಾದುವು. ಸಿಪಾಯಿಯ ಪಿಂಚಣಿ, ಬಾಕಿ ಸಂಬಳ, ವಿಧವೆಯರ ಅರ್ಜಿ, ಮಕ್ಕಳ ವಿದ್ಯಾಭ್ಯಾಸ ಇವನ್ನು ನೋಡಿಕೊಳ್ಳುವುದು ಇವುಗಳ ಕೆಲಸ. 1975ರಿಂದ ಇದು ಕೇಂದ್ರೀಯ ಸೈನಿಕ ಮಂಡಲಿಯೆಂದು ಹೆಸರಾಗಿದೆ.

ಏರ್ಪಾಡುಗಳನ್ನು ಹೀಗೆ ಒಂದರ ಪಕ್ಕದಲ್ಲೊಂದು ಇಟ್ಟು ನೋಡಿದರೆ ಯಾವ ಕೊರತೆಯೂ ಕಾಣುವುದಿಲ್ಲ. ಆದರೆ ಏರ್ಪಾಡಿನ ಯೋಗ್ಯತೆಯನ್ನು ರಾಜಧಾನಿಯಲ್ಲಿ ನಿಂತು ಅಳೆಯಲಾಗದು. ಹಳ್ಳಿಯ ಕಟ್ಟೆಯಲ್ಲಿ ಕುಳಿತು ಅಳೆಯಬೇಕು. 1946ರಲ್ಲಿ ಒಂದು ಕಾಲಿಲ್ಲದೆ ಕಲ್ಮಲಕ್ಕೆ ಮರಳಿದ ಸಿಪಾಯಿಯೊಬ್ಬನನ್ನು ಕಲ್ಪಿಸಿಕೊಳ್ಳೋಣ. ಸೀಮೆಯು ಜೋಳ ಹತ್ತಿಗಳ ಎರೆಭೂಮಿ. ಮಳೆ ಬಿದ್ದ ಎರೆಯಲ್ಲಿ ಎರಡು ಕಾಲಿದ್ದವನೂ ಹೆಜ್ಜೆ ಕಿತ್ತಿಡುವುದು ಕಷ್ಟ. ರಂಟೆ ಹೊಡೆಯಲು, ಕೂರಿಗೆಯ ಹಿಂದೆ ನಡೆಯಲು ಈತನಿಂದಾಗದು. ಒಕ್ಕಲುತನದ ಮನೆಯಲ್ಲಿ ದುಡಿಯಲಾರದವನ ಸ್ಥಾನವೇನೆಂಬುದು ನಮಗೆಲ್ಲರಿಗೂ ಗೊತ್ತು. ಈತನಿಗೆ ಪಿಂಚಣಿಯೊಂದೇ ಆಧಾರ.

ಆ ಪಿಂಚಣಿಯ ಕಾಗದವಾದರೋ ಸೈನ್ಯದ ದಫ್ತರಿನಿಂದ ಇಂಗ್ಲಿಷಿನಲ್ಲಿ ಬರುತ್ತಿದ್ದಿತು. ತಹಸೀಲು ಕಚೇರಿಯ ವ್ಯವಹಾರವೆಲ್ಲ ಸಂಸ್ಥಾನದ ರಾಜಭಾಷೆಯಾದ ಉರ್ದುವಿನಲ್ಲಿ. ಈತನ ನುಡಿ ಕನ್ನಡ. ಸರಕಾರದ ಸೈನ್ಯದವನಿಗೆ ಹಣವು ಕಲ್ದಾರ್ ರೂಪಾಯಿಯ ಲೆಕ್ಕದಲ್ಲಿ ಗೊತ್ತಾಗುತ್ತಿದ್ದಿತು. ಸಂತೆಯಲ್ಲಿ ನಡೆಯುತ್ತಿದ್ದುದು ಹಾಲಿ ಸಿಕ್ಕ. ಆರು ಕಲ್ದಾರಿಗೆ ಏಳು ಹಾಲಿಯೆಂಬ ಲೆಕ್ಕ ತಿಳಿಯದವನಿಗೆ ತನಗೆ ಸಲ್ಲಬೇಕಾದುದೆಷ್ಟೆಂಬುದೇ ತಿಳಿಯದು. ಸಾಲದುದಕ್ಕೆ, ಭಾರತ ಸರಕಾರದ ಸೈನ್ಯದಲ್ಲಿದ್ದವನ ಹೊಣೆ ಒಂದು ಕಡೆ, ಸಂಸ್ಥಾನದ ಪಡೆಯಲ್ಲಿದ್ದವನ ಹೊಣೆ ಇನ್ನೊಂದು ಕಡೆ. ಸಂಸ್ಥಾನದ ಸಿಪಾಯಿಗೆ ಅನ್ನದಾತನಾಗಿದ್ದ ಪ್ರಭುತ್ವವೇ 1948ರ ಸೆಪ್ಟೆಂಬರಿನಲ್ಲಿ ಕೊನೆಗಂಡಿತು. ಸಂಸ್ಥಾನಗಳ ಪಡೆಗಳು 1951ರಲ್ಲಿ ಭಾರತೀಯ ಸೈನ್ಯದಲ್ಲಿ ಲೀನವಾದುವು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯೇ ಮೈಸೂರು ರಾಜ್ಯಕ್ಕೆ ಸೇರಿತು. ಹತ್ತು ವರ್ಷಗಳಲ್ಲಿ ಮೂರು ಆಳಿಕೆಗಳು ಬದಲಾದರೆ, ಹಳ್ಳಿಯವನ ಕೈಯಲ್ಲಿದ್ದ ಕಾಗದಕ್ಕೆ ಉತ್ತರ ಕೊಡತಕ್ಕವರು ಯಾರು?

ಪುಣೆಯ ಕೃತಕಾಂಗ ಕೇಂದ್ರಕ್ಕೆ ದಾರಿಯೇನೋ ಸುಗಮವಾಗಿಯೇ ಇದ್ದಿತು. ಮುಂಬಯಿಯ ಕಡೆಯ ರೈಲುದಾರಿಯೂ ಮದರಾಸಿನ ಕಡೆಯ ರೈಲುದಾರಿಯೂ 1871ರಲ್ಲಿ ಕೂಡಿದುದು ರಾಯಚೂರಿನಲ್ಲಿಯೇ. ಇಲ್ಲಿ ಗಾಡಿ ಹತ್ತಿದವನು ವಾಡಿ, ಸೊಲ್ಲಾಪುರಗಳ ಮೇಲಿಂದ ಪುಣೆಯಲ್ಲಿ ಇಳಿಯಬಹುದು. ಹಾಗಿದ್ದರೂ ಅಂಥದೊಂದು ಸ್ಥಳವುಂಟೆಂದು, ಇಂಥ ಚೀಟಿಯನ್ನು ತೋರಿಸಿದರೆ ಕಾಲು ಸಿಗುವುದೆಂದು ಕಲ್ಮಲದವನಿಗೆ ಹೇಳುವವರಿಲ್ಲದಿದ್ದರೆ ರೈಲಿದ್ದೂ ಏನು ಫಲ? ಏರ್ಪಾಡಿಗೂ ಫಲಾನುಭವಿಗೂ ನಡುವೆ ಇದ್ದ ಅಂತರವನ್ನು ಮೈಲಿಗಳಿಂದ ಎಣಿಸಲಾಗದು. ಅದು ಅಕ್ಷರದ ಅಂತರ, ತಿಳಿವಳಿಕೆಯ ಅಂತರ. 1914ರಲ್ಲಿ ಇಂಗ್ಲೆಂಡಿನ ಬ್ರೈಟನ್ ಅರಮನೆಯನ್ನು ಗಾಯಾಳು ಭಾರತೀಯರ ಆಸ್ಪತ್ರೆಯನ್ನಾಗಿ ಮಾಡಿದಾಗ ಅಲ್ಲಿಯ ಫಲಕಗಳನ್ನು ಉರ್ದು, ಹಿಂದಿ, ಗುರುಮುಖಿಗಳಲ್ಲಿ ಬರೆಯಿಸಿದ್ದರು. ಸಿಪಾಯಿಗೆ ಆತನ ನುಡಿಯಲ್ಲಿ ಹೇಳಬೇಕೆಂಬ ವಿವೇಕ ಆಳುವವರಿಗೆ ಇದ್ದಿತೆಂದಾಯಿತು. ಆದರೆ ಯಾವ ಪ್ರಾಂತಗಳಿಂದ ಬಹಳ ಮಂದಿ ಸೇರಿದ್ದರೋ ಆ ಪ್ರಾಂತಗಳ ನುಡಿಗೆ ಮಾತ್ರ ಆ ವಿವೇಕವು ಸಲ್ಲುತ್ತಿದ್ದಿತು; ದೂರದ ದಕ್ಷಿಣದಿಂದ ಹೋದ ಕೆಲವರು ಎಣಿಕೆಗೆ ಬರುತ್ತಿರಲಿಲ್ಲ.

ಇಷ್ಟರಿಂದ ಈ ಸೇವೆಗಳೆಲ್ಲ ವ್ಯರ್ಥವೆಂದು ತೀರ್ಮಾನಿಸಲಾಗದು. ಅವುಗಳ ಫಲವನ್ನು ಇಂದು ಉಣ್ಣುತ್ತಿರುವವರು ಬಹುಮಟ್ಟಿಗೆ ನಾವೇ. ಪುಣೆಯ ಕೃತಕಾಂಗ ಕೇಂದ್ರವು 1951ರಲ್ಲಿ ಸೈನಿಕರಲ್ಲದವರಿಗೂ ಬಾಗಿಲು ತೆರೆಯಿತು. ಡೆಹರಾಡೂನಿನ ಅಂಧಯೋಧರ ಗೃಹವೇ ಮುಂದೆ ದೇಶದ ದೃಷ್ಟಿಹೀನರೆಲ್ಲರ ರಾಷ್ಟ್ರೀಯ ಸಂಸ್ಥೆಯಾಗಿ ಬೆಳೆಯಿತು. ಕನ್ನಡವೂ ಸೇರಿದಂತೆ ನಮ್ಮ ಭಾಷೆಗಳೆಲ್ಲಕ್ಕೆ ಸಮನಾದ ಚುಕ್ಕಿಲಿಪಿಯಾದ ಭಾರತೀ ಬ್ರೈಲ್ 1951ರಲ್ಲಿ ನಿಶ್ಚಿತವಾಯಿತು. ಬ್ರೈಲ್ ಲಿಪಿಗಳ ಏಕೀಕರಣಕ್ಕಾಗಿ ದುಡಿದವರಲ್ಲಿ ಮೆಕೆಂಜಿಯವರೂ ಒಬ್ಬರು. ಸಿಪಾಯಿಗಳಿಗಾಗಿ ಹುಟ್ಟಿದ ಉದ್ಯೋಗ ವಿನಿಮಯ ಕಚೇರಿಗಳು 1948ರಲ್ಲಿ ಸರ್ವರಿಗೂ ತೆರೆದು, 1956ರಲ್ಲಿ ರಾಜ್ಯಗಳ ಆಡಳಿತಕ್ಕೆ ಬಂದುವು. ಪದವಿ ಪಡೆದೊಡನೆ ಆ ಕಚೇರಿಯಲ್ಲಿ ಹೆಸರು ಬರೆಯಿಸಿ ಚೀಟಿಯನ್ನು ಜೋಪಾನವಾಗಿಟ್ಟುಕೊಂಡ ನಮ್ಮ ನಗರದ ತರುಣರು ಎಷ್ಟು ಮಂದಿಯಿಲ್ಲ! ಅದು ಮೂಲದಲ್ಲಿ ರಣರಂಗದಿಂದ ಮರಳಿದವನಿಗಾಗಿ ಕಟ್ಟಿದ ಮನೆಯೆಂಬುದನ್ನು ಬಲ್ಲವರು ಮಾತ್ರ ವಿರಳ.

ಅವನ ಹೆಸರಿನಲ್ಲಿ ಕಟ್ಟಿದುದು ನಮಗೆ ದಕ್ಕಿತು, ಅವನಿಗೆಷ್ಟು ದಕ್ಕಿತು? ಯುದ್ಧಕಾಲದಲ್ಲಿ ಸೇರಿ ಯುದ್ಧವು ಮುಗಿದೊಡನೆ ಬಿಡುಗಡೆಯಾದ ಬಹುಮಂದಿಗೆ, ಪಿಂಚಣಿಗೆ ಬೇಕಾದಷ್ಟು ವರ್ಷಗಳ ಸೇವೆಯಿಲ್ಲದುದರಿಂದ, ಅಲ್ಪಸ್ವಲ್ಪ ಇನಾಮಿನ ಹಣವಲ್ಲದೆ ಬೇರೇನೂ ಸಲ್ಲಲಿಲ್ಲ. ಎಷ್ಟೋ ಕಾಲದ ಮೇಲೆ, ಅವರಲ್ಲಿ ಅನೇಕರು ಕಣ್ಮುಚ್ಚಿದ ತರುವಾಯ, ನಮ್ಮ ರಾಜ್ಯವೂ ಇತರ ರಾಜ್ಯಗಳೂ ಉಳಿದವರಿಗೂ ಅವರ ವಿಧವೆಯರಿಗೂ ಮಾಸಿಕ ಸಹಾಯಧನವನ್ನು ಗೊತ್ತುಮಾಡಿದುವು. ಅಂಗವಿಕಲರಾದವರಿಗೂ ಹಾದಿ ಸುಲಭವಲ್ಲ. ವೈಕಲ್ಯವು ಸೈನ್ಯದ ಸೇವೆಯಿಂದಲೇ ಉಂಟಾಯಿತೆಂದೋ ಉಲ್ಬಣಿಸಿತೆಂದೋ ಸಿದ್ಧಪಡಬೇಕು. ಈ ಭಾರವನ್ನು ಬಡವನ ಮೇಲೆ ಹೊರಿಸುವುದು ನ್ಯಾಯವೆ? 2013ರಲ್ಲಿ ಧರ್ಮವೀರ ಸಿಂಗರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದಕ್ಕೆ ಉತ್ತರ ಕೊಟ್ಟಿತು: ಸೇರುವಾಗ ಯಾವ ರೋಗವನ್ನೂ ದಾಖಲೆ ಮಾಡದಿದ್ದರೆ ಸಿಪಾಯಿಯು ಆಗ ಆರೋಗ್ಯವಂತನಾಗಿದ್ದನೆಂದೇ ತಿಳಿಯಬೇಕು, ಅಲ್ಲವೆನ್ನುವ ಪಕ್ಷವೇ ಅದನ್ನು ಸಾಧಿಸಿ ತೋರಿಸಬೇಕು.

ಈ ಮಾತು ಹಳೆಯ ಯುದ್ಧಗಳೊಡನೆ ಮುಗಿದುಹೋಗಿಲ್ಲ. 2022ರಲ್ಲಿ ಜಾರಿಗೆ ಬಂದ ಅಗ್ನಿಪಥದ ನಿಯಮದಂತೆ ತರುಣರು ನಾಲ್ಕು ವರ್ಷಗಳಿಗಾಗಿ ಸೇನೆಗೆ ಸೇರುತ್ತಾರೆ. ನೂರಕ್ಕೆ 25 ಮಂದಿಯನ್ನು ಉಳಿಸಿಕೊಂಡು, ಮಿಕ್ಕವರನ್ನು ಇಡಿಗಂಟಿನ ಸೇವಾನಿಧಿಯೊಡನೆ, ಪಿಂಚಣಿಯಿಲ್ಲದೆ ಕಳುಹಿಸುವುದೆಂದು ಆಗ ಗೊತ್ತುಮಾಡಲಾಯಿತು. ಇದರ ಗುಣದೋಷಗಳ ವಿಮರ್ಶೆ ಪ್ರಕೃತ ನಮ್ಮ ಕಾರ್ಯವಲ್ಲ. ಚಿಕ್ಕ ವಯಸ್ಸಿನಲ್ಲಿಯೇ ಸಮವಸ್ತ್ರವನ್ನು ಕಳಚಿಟ್ಟು ರಾಯಚೂರು, ಮಾನ್ವಿ, ದೇವದುರ್ಗಗಳ ಹಳ್ಳಿಗಳಿಗೆ ಮರಳುವವರು ಮುಂದೆಯೂ ಇರುವರೆಂಬುದಷ್ಟೇ ನಾವು ನೆನೆಯಬೇಕಾದುದು.

ಆಗ ಕೆಲಸಕ್ಕೆ ಬರತಕ್ಕವರು ಯಾರು? 1949ರಿಂದ ಪ್ರತಿ ವರ್ಷ ಡಿಸೆಂಬರ್ 7ರಂದು ಧ್ವಜದಿನವನ್ನು ಆಚರಿಸಿ, ಪುಟ್ಟ ಬಾವುಟವನ್ನು ಎದೆಗೆ ಸಿಕ್ಕಿಸಿಕೊಂಡು ಕಾಣಿಕೆ ಕೊಡುತ್ತೇವೆ. ಅದು ಆಗಬೇಕಾದುದೇ. ಆದರೆ ಸೈನಿಕ ಕಲ್ಯಾಣದ ಕಚೇರಿಗಳಲ್ಲಿ ಕೆಲವು ಒಂದಕ್ಕಿಂತ ಹೆಚ್ಚು ಜಿಲ್ಲೆಗಳನ್ನು ನೋಡಿಕೊಳ್ಳಬೇಕಾಗಿರುವಾಗ, ಕಚೇರಿಗೂ ಹಳ್ಳಿಗೂ ನಡುವಣ ತೆರಪನ್ನು ತುಂಬತಕ್ಕವರು ಓದುಬಲ್ಲ ನಾವುಗಳೇ. ಬಿಡುಗಡೆಯ ಪುಸ್ತಕದಲ್ಲಿ ಬರೆದುದನ್ನು ಓದಿ ಕನ್ನಡದಲ್ಲಿ ತಿಳಿಸುವುದು, ತಿರಸ್ಕೃತವಾದ ಅರ್ಜಿಗೆ ಮೇಲ್ಮನವಿಯುಂಟೆಂದು ಹೇಳುವುದು, ವರ್ಷಕ್ಕೊಮ್ಮೆ ಕೊಡಬೇಕಾದ ಜೀವಂತ ಪ್ರಮಾಣಪತ್ರವನ್ನು ಮುದುಕಿಯೊಬ್ಬಳಿಂದ ಮರೆಯದೆ ಕೊಡಿಸುವುದು, ಸವೆದ ಕೃತಕ ಕಾಲನ್ನು ಬದಲಾಯಿಸಬಹುದೆಂದು ನೆನಪು ಮಾಡುವುದು: ಇವಕ್ಕೆ ಧನ ಬೇಡ, ಅಧಿಕಾರ ಬೇಡ, ಅರ್ಧ ದಿನದ ಬಿಡುವು ಸಾಕು. ನಮ್ಮ ಪೂರ್ವಿಕರು ಮಡಿದವನಿಗೆ ಕಲ್ಲನ್ನು ನಿಲ್ಲಿಸಿ ಧನ್ಯರಾದರು. ಬದುಕಿ ಬಂದವನಿಗೆ ಸಲ್ಲಬೇಕಾದುದನ್ನು ಸಲ್ಲಿಸುವುದು ನಮ್ಮ ಪಾಲಿಗೆ ಉಳಿದಿದೆ.